ನೀರು ತಿರುಗುವ ಬಣ್ಣ

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಆರನೇ ತೊಟ್ಟಿಯ ಮರಿಗಳು ತಳಕ್ಕಿಳಿದು ಮರಳು ಹಿಡಿದು ಕೂತಿದ್ದವು. ಉಳಿದ ಐದು ತೊಟ್ಟಿಗಳಲ್ಲಿ ಒಂದೇ ಒಂದು ಮರಿಯೂ ಇಳಿದಿರಲಿಲ್ಲ. ಆರನೇ ತೊಟ್ಟಿ ನೋಡಿಕೊಳ್ಳುತ್ತಿದ್ದವಳು ಸುಗಂಧಿ ಅಂಬಿಗ. ಅವಳಿಗೆ ಹಿಗ್ಗಾಗಬೇಕಿತ್ತು. ಆದರೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದವಳು ಮೊದಲು ನೋಡಿದ್ದು ಬಾಗಿಲ ಕಡೆ, ಯಾರಾದರೂ ಬಂದರೇ ಎಂದು. ತನ್ನ ತೊಟ್ಟಿ ಯಾಕೆ ಬೇರೆ ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು, ಮತ್ತು ಅದನ್ನು ಹೇಳುವಂತಿರಲಿಲ್ಲ.

ನಡುಕುರ್ವೆ ಎನ್ನುವುದು ಹೊಳೆ ಸಮುದ್ರ ಸೇರುವಲ್ಲಿ ಇರುವ ಮುಷ್ಟಿಯಷ್ಟು ದ್ವೀಪ. ಅಲ್ಲಿಯ ಹೆಂಗಸರು ತಲೆಮಾರುಗಳಿಂದ ಬೆಳಚು ಹೆಕ್ಕಿ ಬದುಕಿದವರು. ಬೆಳಚು ಎಂದರೆ ಹೊಳೆಯ ಮರಳಿನೊಳಗೆ ಹುದುಗಿರುವ ಚಿಪ್ಪಿನ ಜೀವಿ. ಒಳಗಿನ ಮಾಂಸ ಸಾರಿಗೆ, ಹೊರಗಿನ ಚಿಪ್ಪು ಸುಣ್ಣಕ್ಕೆ. ನೀರಿಳಿದಾಗ ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕಣ್ಣಿಂದಲ್ಲ, ಕಾಲಿನ ಹೆಬ್ಬೆರಳಿನಿಂದ ಅದನ್ನು ಹುಡುಕುತ್ತಿದ್ದರು. ನಾಲ್ಕು ವರ್ಷದ ಹಿಂದೆ, ಊರಿನವರು ಈಗಲೂ ಕೆಂಪು ಮಳೆಗಾಲ ಎಂದು ಕರೆಯುವ ಆ ಮಳೆಗಾಲದಲ್ಲಿ, ಮೇಲಿನ ಗುಡ್ಡ ಜಾರಿ ಹೊಳೆಗೆ ಬಿತ್ತು. ಹನ್ನೊಂದು ದಿನ ಹೊಳೆ ಕೆಂಪಗೆ ಹರಿಯಿತು. ಹನ್ನೆರಡನೆಯ ದಿನ ತಳದಲ್ಲಿ ಮೊಣಕಾಲುದ್ದದ ಕೆಸರು, ಅದರಡಿಯಲ್ಲಿ ಉಸಿರುಗಟ್ಟಿ ಸತ್ತ ಬೆಳಚು. ಅಂದಿನಿಂದ ಊರಿನ ಹೆಂಗಸರು ಕಾರ್ಖಾನೆಯಲ್ಲಿ ಬೆಳೆಸಿದ ಚಿಪ್ಪಿಲ್ಲದ ಬೆಳಚಿನ ಮಾಂಸವನ್ನು ಪೊಟ್ಟಣದಲ್ಲಿ ತಂದು ಸಾರು ಮಾಡುತ್ತಿದ್ದರು. ಸುಗಂಧಿಯ ಅತ್ತೆ ಬೀರಮ್ಮ ಅದನ್ನು ಬಾಯಿಗೆ ಹಾಕಿದವಳಲ್ಲ. ಹಳೆ ಚಿಪ್ಪಿನಿಂದ ಸುಟ್ಟ ಕೊನೆಯ ಡಬ್ಬಿ ಸುಣ್ಣವನ್ನು ಉಗುರಿನ ತುದಿಯಷ್ಟೇ ತೆಗೆದು ಎಲೆಗೆ ಸವರಿಕೊಂಡು ದಿನ ದೂಡುತ್ತಿದ್ದಳು.

ಹೊಳೆಯ ತಳ ನಿಧಾನಕ್ಕೆ ತಿಳಿಯಾಯಿತು. ಬೀಜ ಮಾತ್ರ ಉಳಿದಿರಲಿಲ್ಲ. ಆಗ ಸಿಗಡಿ ಬೆಳೆಸುತ್ತಿದ್ದ ಒಂದು ಹಳೆಯ ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯ, ತೂಬಿನ ಹಿಂದೆ, ಯಾರೋ ಮರೆತ ಗುಂಡಿಯಲ್ಲಿ, ನಲವತ್ತಮೂರು ತಾಯಿ ಬೆಳಚು ಸಿಕ್ಕವು. ಅವನ್ನು ಇಟ್ಟುಕೊಂಡು ಮರಿ ಮಾಡಿಸಲು ಸಂಶೋಧನೆಯವರು ಕುರ್ವೆಯ ತುದಿಯಲ್ಲಿ ಒಂದು ಕಟ್ಟಡ ಎಬ್ಬಿಸಿದರು. ಊರಿನ ಬಾಯಲ್ಲಿ ಅದು ಮರಿಮನೆ. ಡಾ. ರಿಹಾನಾ ಖಾಜಿ ಅದರ ಮುಖ್ಯಸ್ಥೆ; ಐವತ್ತು ದಾಟಿದ, ಕನ್ನಡಕವನ್ನು ಹಣೆಯ ಮೇಲೇರಿಸಿ ಅದನ್ನೇ ಊರೆಲ್ಲ ಹುಡುಕುವ, ಆದರೆ ಮರಿಯ ವಿಷಯದಲ್ಲಿ ಕೂದಲೆಳೆಯಷ್ಟೂ ತಪ್ಪನ್ನು ಸಹಿಸದ ಹೆಂಗಸು. ಊರಿನವರ ಪೈಕಿ ಒಬ್ಬರಿಗೆ ಕೆಲಸ ಎಂದಾಗ ಹೆಂಗಸರೆಲ್ಲ ಕೂತು ಸುಗಂಧಿಯನ್ನು ಆರಿಸಿ ಕಳಿಸಿದರು.

ಹುಣ್ಣಿಮೆಯ ದಿನ ನಲವತ್ತಮೂರು ತಾಯಿ ಬೆಳಚುಗಳೂ ಒಟ್ಟಿಗೆ ಮೊಟ್ಟೆ ಬಿಟ್ಟು, ವಾರದೊಳಗೆ ಒಂದೊಂದಾಗಿ ಸತ್ತವು. ಹುಟ್ಟಿದ್ದು ಆರು ತೊಟ್ಟಿ ಮರಿ. ಒಂದೊಂದರಲ್ಲಿ ಇಪ್ಪತ್ತು ಲಕ್ಷ. ಈ ಹೊಳೆಯ ಬೆಳಚು ಭೂಮಿಯ ಮೇಲೆ ಉಳಿದಿದ್ದರೆ ಅದು ಆ ಆರು ತೊಟ್ಟಿಗಳಲ್ಲಿ ಮಾತ್ರ. ಮತ್ತೊಂದು ಸಲ ಎನ್ನುವ ಮಾತೇ ಇರಲಿಲ್ಲ.

ಬೆಳಚಿನ ಮರಿ ಮೊದಲು ನೀರಿನಲ್ಲಿ ಈಜುತ್ತದೆ. ಹದಿನೇಳು ಹದಿನೆಂಟನೆಯ ದಿನಕ್ಕೆ ಅದಕ್ಕೆ ಒಂದು ಕಪ್ಪು ಚುಕ್ಕೆ ಮೂಡುತ್ತದೆ, ಅದೇ ಅದರ ಕಣ್ಣು. ಆಮೇಲೆ ಒಂದು ಪುಟ್ಟ ಕಾಲು. ಕಾಲು ಬಂದ ಎರಡು ಮೂರು ದಿನದೊಳಗೆ ಅದು ಕೆಳಗಿಳಿದು ಮರಳಿಗೆ ಕಾಲೂರಬೇಕು. ಊರದಿದ್ದರೆ ಈಜಿ ಈಜಿ ಬಳಲಿ ಸಾಯುತ್ತದೆ. ಇಂಥ ಮರಿಗಳು ಚೆನ್ನಾಗಿ ಬೆಳೆಯುವುದು ನೀಲಿ ಬೆಳಕಿನಲ್ಲಿ ಎಂದು ಡಾ. ಖಾಜಿ ಎರಡು ವರ್ಷ ಬೇರೆ ಜಾತಿಯ ಚಿಪ್ಪಿನ ಮರಿಗಳಿಗೆ ಬೇರೆ ಬೇರೆ ಬಣ್ಣ ಹಾಕಿ ನೋಡಿ ಕಂಡುಕೊಂಡಿದ್ದರು. ಹಾಗಾಗಿ ಪ್ರತಿ ತೊಟ್ಟಿಯ ಮೇಲೂ ನೀಲಿ ದೀಪದ ಚಪ್ಪರ. ಬೆಳಿಗ್ಗೆ ಎಂಟು ಗಂಟೆಗೆ ನೀರು ಬದಲಿಸುವ ಇಪ್ಪತ್ತು ನಿಮಿಷ ಮಾತ್ರ ನೀಲಿ ಆರಿಸಿ ಅರಿಶಿನ ಬಣ್ಣದ ದೀಪ ಹಚ್ಚುತ್ತಿದ್ದರು, ಆ ಬಣ್ಣಕ್ಕೆ ಮರಿಗಳು ಗಾಬರಿಯಾಗುವುದಿಲ್ಲ ಎಂದು.

ಆರನೇ ತೊಟ್ಟಿ ಹಿಂದಿನ ಕೋಣೆಯಲ್ಲಿದ್ದ ಹಳೆಯ ಕಲ್ಲಿನ ತೊಟ್ಟಿ. ಮೇಲಿನ ಟ್ಯಾಂಕಿನ ಪೈಪು ಅಲ್ಲಿಯವರೆಗೆ ಬರುತ್ತಿರಲಿಲ್ಲ. "ಹೊಳೆಯಿಂದ ನೇರ ಪಂಪು ಮಾಡಿ, ಸೋಸಿ ಹಾಕಿ" ಎಂದಿದ್ದರು ಡಾ. ಖಾಜಿ, ನೂರು ಕೆಲಸದ ನಡುವೆ. ಹೊಳೆಗೆ ಉಪ್ಪುನೀರು ಬರುವುದು ಭರತದಲ್ಲಿ, ಅಂದರೆ ಸಮುದ್ರ ಏರಿ ಹೊಳೆ ತುಂಬುವಾಗ. ಭರತವೇನು ಗಡಿಯಾರ ನೋಡಿ ಎಂಟು ಗಂಟೆಗೇ ಬರುತ್ತದೆಯೇ? ದಿನಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿ ಮುಂದೆ ಹೋಗುತ್ತದೆ. ಸುಗಂಧಿ ನೀರು ಅರ್ಧಕ್ಕೂ ಮಿಕ್ಕಿ ಏರಿದಾಗ ಹೋಗಿ ಅರಿಶಿನ ದೀಪ ಹಚ್ಚಿ ಪಂಪು ಶುರುಮಾಡುತ್ತಿದ್ದಳು. ಅಲ್ಲಿಗೆ ಮುಗಿಯಲಿಲ್ಲ. ತುಂಬುವ ನೀರಿನ ಎದುರು ಕೂತವರು ಅದು ತಿರುಗುವ ಮೊದಲು ಎದ್ದು ಹೋಗಬಾರದು ಎನ್ನುವುದು ಕುರ್ವೆಯ ಹೆಂಗಸರ ಪದ್ಧತಿ. ಬುಟ್ಟಿ ಮಗ್ಗುಲಲ್ಲಿಟ್ಟು ದಂಡೆಯಲ್ಲಿ ಕೂತು, ನೀರು ತಿರುಗಿ ಇಳಿಯತೊಡಗಿದ ಮೇಲೆಯೇ ಅವರು ಏಳುವುದು. ಅವಳೂ ಹಿಂಬಾಗಿಲ ಮೆಟ್ಟಿಲಲ್ಲಿ ಕೂತಳು. ಒಂದೂವರೆ ಗಂಟೆ, ಎರಡು ಗಂಟೆ. ಅಷ್ಟು ಹೊತ್ತೂ ಅರಿಶಿನ ದೀಪ ಉರಿಯುತ್ತಿತ್ತು. ಇದರಲ್ಲಿ ತಪ್ಪೇನಾದರೂ ಇದೆ ಎಂದು ಅವಳಿಗೆ ಹೊಳೆಯಲೂ ಇಲ್ಲ. ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋದಷ್ಟೇ ಸಹಜವಾಗಿ ಮಾಡಿದಳು.

ತಪ್ಪು ಮಾಡಿದ್ದು ಕಾಗದದ ಮೇಲೆ. ದಾಖಲೆ ಪುಸ್ತಕದಲ್ಲಿ 'ಬೆಳಿಗ್ಗೆ ೮, ಅರಿಶಿನ ೨೦ ನಿಮಿಷ' ಎಂದು ಮೊದಲೇ ಅಚ್ಚಾಗಿತ್ತು, ಪಕ್ಕದಲ್ಲೊಂದು ಚೌಕ. ಚೌಕಕ್ಕೆ ಗೀಟು ಹಾಕಿ ಸಹಿ ಮಾಡಬೇಕು. ಬೇರೆ ಹೊತ್ತು ಬರೆಯಲು ಜಾಗವಿರಲಿಲ್ಲ. ಹತ್ತೊಂಬತ್ತು ದಿನ, ಹತ್ತೊಂಬತ್ತು ಗೀಟು, ಹತ್ತೊಂಬತ್ತು ಸಹಿ.

ಮತ್ತು ಪುಸ್ತಕದ ಮೊದಲ ಪುಟದಲ್ಲೇ ದಪ್ಪಕ್ಷರದ ನಿಯಮವಿತ್ತು. ದಾಖಲೆ ಸುಳ್ಳಾದ, ಅಥವಾ ಒಂದು ದಿನವಾದರೂ ತಪ್ಪಿದ ತೊಟ್ಟಿಯ ಮರಿಯನ್ನು ಹೊಳೆಗೆ ಬಿಡುವಂತಿಲ್ಲ. ಬ್ಲೀಚಿಂಗ್ ಪುಡಿ ಹಾಕಿ ಚೆಲ್ಲಬೇಕು. ಹೇಗೆ ಬೆಳೆಯಿತೆಂದು ಗೊತ್ತಿಲ್ಲದ ಮರಿ ಹೊಳೆಗೆ ರೋಗ ತರಬಹುದು ಎನ್ನುವುದು ಅದರ ಕಾರಣ.

ಬಾಯಿ ಬಿಟ್ಟರೆ ಇಳಿದು ಕೂತ ಒಂದೇ ಒಂದು ತೊಟ್ಟಿಗೆ ಪುಡಿ ಬೀಳುತ್ತದೆ. ಬಾಯಿ ಮುಚ್ಚಿದರೆ ಉಳಿದ ಐದು ಸಾಯುತ್ತವೆ.

"ಸುಗಂಧಿ, ಆರನೇ ತೊಟ್ಟಿಗೆ ಬೇರೆ ಏನಾದರೂ ಮಾಡಿದ್ದೀರಾ?" ಡಾ. ಖಾಜಿ ಪುಸ್ತಕ ತಿರುವುತ್ತ ಕೇಳಿದರು. "ಎಲ್ಲ ಒಂದೇ ಥರ ಇದೆಯಲ್ಲ. ಅದೇ ಎಂಟು ಗಂಟೆ, ಅದೇ ಇಪ್ಪತ್ತು ನಿಮಿಷ."

"ಇಲ್ಲ ಮೇಡಂ" ಎಂದಳು ಸುಗಂಧಿ.

ಆ ಎರಡಕ್ಷರದ ಮಾತು ಅವಳ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಅಸಹ್ಯವಾಯಿತು.

ಮನೆ ಮರಿಮನೆಯಿಂದ ಐವತ್ತು ಹೆಜ್ಜೆ. ಮಧ್ಯಾಹ್ನ ಉಣ್ಣಲು ಹೋದವಳು ಅನ್ನ ಕಲೆಸುತ್ತಲೇ ಕೂತಳು. ಬೀರಮ್ಮ ಹೊಳೆ ಕಾಣುವ ಬಾಗಿಲಲ್ಲಿ ಕಾಲು ಚಾಚಿ ಎಲೆ ಹಾಕಿಕೊಳ್ಳುತ್ತಿದ್ದಳು. ಮೂವತ್ತು ವರ್ಷ ಮರಳಿನೊಳಗೆ ಆಡಿ ಆ ಕಾಲಿನ ಹೆಬ್ಬೆರಳುಗಳು ಹೊರಕ್ಕೆ ಬಾಗಿ ನಿಂತಿದ್ದವು.

"ಎಂತಾ ಆಯ್ತೆ? ಅನ್ನದಲ್ಲಿ ಕಲ್ಲು ಹುಡುಕ್ತಾ ಇದ್ಯಾ?"

"ಎಂತ ಇಲ್ಲ ಅತ್ತೆ. ಮರಿ ಇಳೀತಾ ಇಲ್ಲ."

"ನಾ ಮೊದ್ಲೇ ಹೇಳಿದ್ನಲ್ಲ. ಹೊಳೆ ಮಕ್ಕಳ್ನ ಕೊಂಡೋಗಿ ನೀಲಿ ಲೈಟಿನ ಕೆಳಗೆ ಕೂರ್ಸಿದ್ರೆ ಅವಕ್ಕೆ ಎಂತ ಗೊತ್ತಾಗ್ಬೇಕು? ಮದುವೆ ಮನೆ ಅಂತ ಮಾಡ್ಕಂಡಿದ್ದಾವೇನ!" ಬೀರಮ್ಮ ತನ್ನ ಮಾತಿಗೆ ತಾನೇ ನಕ್ಕು, ಸೊಸೆ ನಗದಿರುವುದನ್ನು ನೋಡಿ ದನಿ ತಗ್ಗಿಸಿದಳು. "ಸತ್ತೇ ಹೋತಾವಾ?"

ಸುಗಂಧಿ ಅನ್ನ ಹಾಗೆಯೇ ಬಿಟ್ಟಳು. ಕೈ ತೊಳೆದು ಎದ್ದಳು.

ಇಪ್ಪತ್ತನೆಯ ದಿನ ಡಾ. ಖಾಜಿ ಉಪ್ಪು ನೋಡಿದರು, ಆಮ್ಲಜನಕ ನೋಡಿದರು, ಮರಳು ಬದಲಿಸಿದರು, ಆಹಾರ ಬದಲಿಸಿದರು. ಅಳತೆ ತೋರಿಸುವ ಫಲಕದ ಮೇಲಿನ ಗೆರೆಗಳು ನೆಟ್ಟಗೇ ಇದ್ದವು. ತೊಟ್ಟಿಯೊಳಗೆ ಮರಿಗಳು ಮಾತ್ರ ಮೇಲಕ್ಕೂ ಕೆಳಕ್ಕೂ ಗೊತ್ತುಗುರಿಯಿಲ್ಲದೆ ಸುತ್ತುತ್ತಿದ್ದವು. ಮಧ್ಯಾಹ್ನಕ್ಕೆ ಒಂದನೇ ತೊಟ್ಟಿಯ ಮೂಲೆಯಲ್ಲಿ ಬೂದಿ ಬಣ್ಣದ ಕೆನೆ ಕಟ್ಟಿತು. ಸತ್ತ ಮರಿಗಳವು. ಸಂಜೆಗೆ ಎರಡನೆಯದರಲ್ಲೂ ಕಟ್ಟಿತು. ಡಾ. ಖಾಜಿ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟರು. ಹಣೆಯ ಮೇಲಿದ್ದ ಕನ್ನಡಕ ಜಾರಿ ಮಡಿಲಿಗೆ ಬಿತ್ತು, ಅದನ್ನು ಎತ್ತಿಕೊಳ್ಳಲೂ ಇಲ್ಲ.

ಹೇಳಿಬಿಡು ಎಂದು ಸುಗಂಧಿಯ ಒಳಗೆ ಯಾರೋ ಕೂಗುತ್ತಿದ್ದರು. ಕಣ್ಣೆದುರಿಗೆ ಬ್ಲೀಚಿಂಗ್ ಪುಡಿಯ ಡಬ್ಬಿ ಬರುತ್ತಿತ್ತು. ಆರನೆಯದೊಂದಾದರೂ ಉಳಿಯಲಿ ಎಂದು ಸಮಾಧಾನ ಮಾಡಿಕೊಂಡಳು. ಅದರಲ್ಲಿ ನಿಜವೂ ಇತ್ತು, ಹೇಡಿತನವೂ ಇತ್ತು. ಕುರ್ವೆಯವರಿಗೆ ಒಂದು ಪುಸ್ತಕ ನೆಟ್ಟಗೆ ತುಂಬಲು ಬರುವುದಿಲ್ಲ ಎಂಬ ಮಾತು ಬರಬಾರದೆಂಬ ಹೆದರಿಕೆ ಎಷ್ಟು, ಮರಿಗಳ ಮೇಲಿನ ಮಾಯೆ ಎಷ್ಟು ಎಂದು ಅವಳಿಗೆ ಬಿಡಿಸಿ ನೋಡಲಾಗಲಿಲ್ಲ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಮೂರನೇ ತೊಟ್ಟಿಯ ಮೂಲೆಯಲ್ಲೂ ತೆಳ್ಳಗೆ ಬೂದಿ ಬಣ್ಣ ಕಂಡಿತು. ಸುಗಂಧಿ ನೇರ ನಡೆದು ಹೋಗಿ ದಾಖಲೆ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಮೇಡಂ, ಇದರಲ್ಲಿ ನಾನು ಬರೆದದ್ದು ಸುಳ್ಳು."

ಎಲ್ಲವನ್ನೂ ಹೇಳಿದಳು. ಭರತ, ಪಂಪು, ಮೆಟ್ಟಿಲು, ಎರಡು ಗಂಟೆಯ ಅರಿಶಿನ ದೀಪ, ಗೀಟು ಹಾಕಿದ ಚೌಕಗಳು. ಡಾ. ಖಾಜಿಯ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಮೊನ್ನೆ ಕೇಳಿದೆನಲ್ಲ. ನಿಮ್ಮ ಮುಖ ನೋಡಿಯೇ ಕೇಳಿದೆ."

"ಹೌದು ಮೇಡಂ."

"ಎರಡು ದಿನ, ಸುಗಂಧಿ!"

"ಹೇಳಿದ್ರೆ ಆರನೆಯದನ್ನ ಚೆಲ್ತೀರಿ ಅಂತ..."

ಡಾ. ಖಾಜಿ ಪುಸ್ತಕದ ಮೊದಲ ಪುಟವನ್ನು ನೋಡುತ್ತ ನಿಂತರು. ಆ ನಿಯಮ ಬರೆದವರು ಅವರೇ. "ಚೆಲ್ಲಲೇಬೇಕು" ಎಂದರು ಕೊನೆಗೆ, ತಮಗೇ ಹೇಳಿಕೊಳ್ಳುವಂತೆ. "ಚೆಲ್ಲದೇ ಇರಬೇಕೆಂದರೆ ಅಷ್ಟೂ ದಿನದ ನಿಜವಾದ ದಾಖಲೆ ಬೇಕು. ಒಂದೊಂದು ದಿನವೂ ಎಷ್ಟು ಗಂಟೆಗೆ ಹಚ್ಚಿದಿರಿ, ಎಷ್ಟು ಗಂಟೆಗೆ ಆರಿಸಿದಿರಿ. ನೆನಪಿದೆಯಾ?"

"ಗಂಟೆ ನೋಡಿಲ್ಲ ಮೇಡಂ. ನೀರು ನೋಡಿದ್ದು. ನೀರು ತಿರುಗಿದ ಹೊತ್ತು ನಮ್ಮತ್ತೆಗೆ ಗೊತ್ತಿರ್ತದೆ."

ಹೀಗೆ ಡಾ. ರಿಹಾನಾ ಖಾಜಿ ಮೊದಲ ಸಲ ಬೀರಮ್ಮನ ಮನೆಯ ಚಾಪೆಯ ಮೇಲೆ ಕೂತರು, ಪೆನ್ನು ಹಿಡಿದು. ವಿಷಯ ಕೇಳಿ ಬೀರಮ್ಮ ಮೊದಲು ಸೊಸೆಯ ಕಡೆ ಕಣ್ಣು ಕೆಕ್ಕರಿಸಿದಳು. ಬೈಯುವುದನ್ನು ಆಮೇಲಕ್ಕೆ ಇಟ್ಟುಕೊಂಡಳು.

"ಬರ್ಕಳಿ. ಹುಣ್ಣಿಮೆ ಮರುದಿನ ಪಾಡ್ಯ. ನಡು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ನೀರು ತಿರುಗ್ತು. ಬಿದಿಗೆಗೆ ಊಟದ ಹೊತ್ತು. ತದಿಗೆ ದಿನ ಇವ್ಳು ಉಣ್ಣೂದು ಬಿಟ್ಟು ಓಡಿದ್ಲು, ನೀರು ತಿರುಗುವಾಗ ಒಂದೂವರೆ ಅಂತ ರೇಡಿಯೋದವ್ರು ಹೇಳ್ತಿದ್ರು. ಸಪ್ತಮಿ ದಿನ ಸಾರಿಗೆ ಉಪ್ಪು ಹಾಕದೇ ಹೋದ್ಲು, ತಿರುಗುವಾಗ ನಾಲ್ಕೂವರೆ ಮೇಲಾಗಿತ್ತು, ನಾನೇ ಆಮೇಲೆ ಹಾಕಿದ್ದು."

"ದಶಮಿ?"

"ದಶಮಿಗೆ ಹಗಲಿನ ಭರತ ಬೆಳಿಗ್ಗೆ ಬಂತಲ್ಲ. ಆರೂವರೆ. ಚಾ ಕುಡೀಲಿಲ್ಲ ಅವತ್ತು."

ಇಪ್ಪತ್ತು ತಿಥಿಗಳನ್ನೂ ಬೀರಮ್ಮ ಹೇಳಿದಳು, ಒಂದೂ ತಡವರಿಸದೆ. ಡಾ. ಖಾಜಿ ಫೋನಿನಲ್ಲಿ ಬಂದರಿನ ಉಬ್ಬರದ ಪಟ್ಟಿ ತೆಗೆದು ಹೋಲಿಸಿದರು. ಹೆಚ್ಚೆಂದರೆ ಕಾಲು ಗಂಟೆಯ ವ್ಯತ್ಯಾಸ. ಒಂದು ತಮಾಷೆಯೂ ಬಯಲಾಯಿತು: ಹೊತ್ತಿನ ಮಟ್ಟಿಗೆ ದ್ವಾದಶಿಯ ದಿನ ಸುಗಂಧಿ ಬರೆದದ್ದು ನಿಜವಾಗಿತ್ತು. ಅಂದು ಭರತವೇ ಎಂಟು ಗಂಟೆಗೆ ಬಂದಿತ್ತು. ಯಾರೂ ನಗಲಿಲ್ಲ.

ಡಾ. ಖಾಜಿ ಆ ಹೊತ್ತುಗಳನ್ನು ಕಾಗದದ ಮೇಲೆ ಚುಕ್ಕೆ ಚುಕ್ಕೆಯಾಗಿ ಇಟ್ಟರು. ಚುಕ್ಕೆಗಳು ಓರೆಯಾಗಿ ಇಳಿದು, ಮತ್ತೆ ಮೇಲಿಂದ ಶುರುವಾಗಿ, ಮತ್ತೆ ಓರೆಯಾಗಿ ಇಳಿದವು. ಅವರ ಪೆನ್ನು ನಿಂತಿತು.

"ಬೀರಮ್ಮ, ಭರತದಲ್ಲಿ ಹೊಳೆ ತಳದಲ್ಲಿ ಕಣ್ಣುಬಿಟ್ಟು ನೋಡಿದ್ದೀರಾ? ಬೆಳಕು ಯಾವ ಬಣ್ಣ?"

"ಮುಳುಗಿದಾಗ ನೋಡ್ದೆ ಇರ್ತಾರಾ? ತುಂಬಿದ ಹೊಳೆಯಲ್ಲಿ ಕೆಳಗೆ ಎಲ್ಲ ಅರಿಶಿನ ಕದಡಿದ ಹಾಗೆ. ನೀರು ಇಳೀತಾ ಇಳೀತಾ ಬೆಳ್ಳಗೆ ನೀಲಿ ಆಗೂದು."

"ಬಣ್ಣವೇ ಅದರ ಗಡಿಯಾರ" ಎಂದರು ಡಾ. ಖಾಜಿ, ಎದ್ದು ನಿಂತು. "ಸುಗಂಧಿ, ಹೊಳೆಯ ನೀರಿನಲ್ಲಿ ಮಣ್ಣು, ಎಲೆಯ ರಸ ಎಲ್ಲ ಇರುತ್ತದೆ. ಅದು ನೀಲಿಯನ್ನು ಕುಡಿದುಬಿಡುತ್ತದೆ. ನೀರು ಹೆಚ್ಚಿದ್ದಾಗ ತಳಕ್ಕೆ ಅರಿಶಿನ ಬಣ್ಣ ಮಾತ್ರ ಮುಟ್ಟುತ್ತದೆ. ಅರಿಶಿನ ಹೋಗಿ ನೀಲಿ ಬಂತು ಅಂದರೆ ನೀರು ತಿರುಗಿತು, ಸಮುದ್ರಕ್ಕೆ ಎಳೆದುಕೊಂಡು ಹೋಗುತ್ತದೆ, ಈಗಲೇ ಇಳಿ ಅಂತ ಅರ್ಥ. ನಾನು ಇಪ್ಪತ್ತು ದಿನ ಅವಕ್ಕೆ ಬರೀ ಇಳಿತ ತೋರಿಸಿದೆ. ನೀರು ತಿರುಗುವುದನ್ನು ತೋರಿಸಲೇ ಇಲ್ಲ."

ಹೊಗಳಿಕೆಗೂ ಬೈಗುಳಕ್ಕೂ ಹೊತ್ತಿರಲಿಲ್ಲ. ಹನ್ನೊಂದು ಗಂಟೆಗೆ ಮೂರನೇ ತೊಟ್ಟಿಯ ಒಂದು ಲೋಟ ನೀರು ತೆಗೆದು ಅರಿಶಿನ ದೀಪದ ಕೆಳಗಿಟ್ಟರು. ಒಂದು ಗಂಟೆಯ ಬಳಿಕ ಗುಂಡಿ ಒತ್ತಿ ನೀಲಿ ಮಾಡಿದರು. ಇಬ್ಬರೂ ಸರದಿಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತರು. ಮರಿಗಳು ಒಂದು ಗಳಿಗೆ ನಿಂತಂತೆ ಮಾಡಿ ಮತ್ತೆ ಸುತ್ತತೊಡಗಿದವು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಒಂದೂ ಇಳಿಯಲಿಲ್ಲ.

ಡಾ. ಖಾಜಿ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಹಾಗಾದರೆ ಬಣ್ಣ ಅಲ್ಲ."

"ಮೇಡಂ" ಎಂದಳು ಸುಗಂಧಿ. "ನಾನು ಹೀಗೆ ಗುಂಡಿ ಒತ್ತೂದಿಲ್ಲ. ಹಿಂದಿನ ಕೋಣೆಯಲ್ಲಿ ದೀಪದ ಬಣ್ಣಕ್ಕೆ ತಿರುಗಿಸೋ ಕೀಲಿ ಅದೆ. ನೀರು ಒಂದು ಮೆಟ್ಟಿಲು ಇಳಿದ್ರೆ ಸ್ವಲ್ಪ ತಿರುಗಿಸ್ತೆ. ಇನ್ನೊಂದು ಇಳಿದ್ರೆ ಇನ್ನಷ್ಟು. ಒಮ್ಮೆಲೇ ತಿರುಗಿಸಿದ್ರೆ ಅವಕ್ಕೆ ಕಣ್ಣು ಚುಚ್ಚೂದಿಲ್ವಾ ಅಂತ. ಮತ್ತೆ, ಈಗ ಹೊರಗೆ ನೀರು ಏರ್ತಾ ಅದೆ. ತಿರುಗೂದು ನಾಲ್ಕು ಗಂಟೆ ಹತ್ತಿರ."

ಡಾ. ಖಾಜಿ ಅವಳನ್ನೇ ನೋಡಿದರು. "ನಿಧಾನ ಇರಬೇಕು. ಇಲ್ಲವೇ ಹೊತ್ತು ಸರಿಯಿರಬೇಕು. ಭರತದ ಲೆಕ್ಕ ತಾಯಿಯಿಂದಲೇ ಅವಕ್ಕೆ ಬಂದಿರಬಹುದು. ಯಾವುದು ಅಂತ ನೋಡಲು ಎರಡು ದಿನ ಬೇಕು. ನಮಗೆ ಇರುವುದು ಮೂರು ಗಂಟೆ." ಕನ್ನಡಕ ಹಾಕಿಕೊಂಡರು. "ಎರಡನ್ನೂ ಮಾಡೋಣ. ಐದೂ ತೊಟ್ಟಿಗೆ. ಲೋಟದಲ್ಲಿ ನೋಡುವುದು ಬೇಡ."

ತಪ್ಪಿದರೆ? ಸುಗಂಧಿ ಕೇಳಲಿಲ್ಲ. ತಪ್ಪಿದರೆ ಮೂರು, ನಾಲ್ಕು, ಐದನೇ ತೊಟ್ಟಿಗಳು ನಾಳೆ ಸೂರ್ಯನನ್ನು ಕಾಣುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಒಂದೂಮುಕ್ಕಾಲಿಗೆ ಐದೂ ಚಪ್ಪರಗಳಲ್ಲಿ ಅರಿಶಿನ ದೀಪ ಹತ್ತಿತು. ಡಾ. ಖಾಜಿ ನಿಯಂತ್ರಣ ಕೋಣೆಯಲ್ಲಿ ಬಣ್ಣ ಮೆಲ್ಲಗೆ ಬದಲಿಸುವ ಪಟ್ಟಿಯ ಮೇಲೆ ಬೆರಳಿಟ್ಟು ಕೂತರು. ಸುಗಂಧಿ ತೊಟ್ಟಿಗಳ ನಡುವೆ ನಿಂತಳು. ಹಿಂಬಾಗಿಲ ಮೆಟ್ಟಿಲ ಮೇಲೆ ಬೀರಮ್ಮ. ಯಾರೂ ಕರೆದಿರಲಿಲ್ಲ, ತಾನಾಗಿಯೇ ಬಂದು ಎಲೆಯ ಚೀಲ ಮಗ್ಗುಲಲ್ಲಿಟ್ಟು ಕೂತಿದ್ದಳು. ಕೆಂಪು ಮಳೆಗಾಲದ ನಂತರ ಅವಳು ನೀರಿನ ಅಂಚಿಗೆ ಬಂದು ಕೂತದ್ದು ಅದೇ ಮೊದಲು.

ಎರಡೂವರೆ. ಮೂರು. ನೀರು ಒಂದೊಂದೇ ಮೆಟ್ಟಿಲು ನುಂಗುತ್ತ ಬಂತು. ಮೂರನೇ ತೊಟ್ಟಿಯ ಮೂಲೆಯ ಬೂದಿ ಬಣ್ಣ ಅಂಗೈಯಗಲ ಆಯಿತು. ಸುಗಂಧಿಗೆ ಅದನ್ನು ನೋಡಲೂ ಆಗದು, ಬಿಡಲೂ ಆಗದು.

ಮೂರೂವರೆ ದಾಟಿತು. ಬಂದರಿನ ಉಬ್ಬರದ ಪಟ್ಟಿಯ ಪ್ರಕಾರ ಮೂರು ನಲವತ್ತೆಂಟಕ್ಕೆ ನೀರು ತಿರುಗಬೇಕು. ಮೂರು ನಲವತ್ತೆಂಟಕ್ಕೆ ಡಾ. ಖಾಜಿ ಒಳಗಿಂದ ಕೂಗಿದರು: "ಶುರು ಮಾಡಲಾ?"

"ತಡೀರಿ!" ಹೊರಗಿನಿಂದ ಬೀರಮ್ಮನ ಧ್ವನಿ. "ಇನ್ನೂ ತಿರುಗ್ಲಿಲ್ಲ! ಪಡುವಣ ಗಾಳಿ ದೂಡ್ತಾ ಅದೆ!"

ನಾಲ್ಕು ಗಂಟೆ. ನಾಲ್ಕು ದಾಟಿ ಐದು ನಿಮಿಷ. ಡಾ. ಖಾಜಿ ಬೆರಳನ್ನು ಪಟ್ಟಿಯ ಮೇಲಿಂದ ತೆಗೆದಿರಲಿಲ್ಲ. ಬೀರಮ್ಮ ಎಲೆಯ ತೊಟ್ಟೊಂದನ್ನು ಮುರಿದು ನೀರಿಗೆ ಹಾಕಿದಳು. ತೊಟ್ಟು ಮೇಲಕ್ಕೂ ಹೋಗದೆ ಕೆಳಕ್ಕೂ ಹೋಗದೆ ನಿಂತಲ್ಲೇ ನಿಂತಿತು. ಆಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ, ಸಮುದ್ರದ ಕಡೆಗೆ ಸರಿಯಿತು.

"ತಿರುಗ್ತು!"

"ತಿರುಗಿತು ಮೇಡಂ!" ಎಂದು ಸುಗಂಧಿ ಒಳಕ್ಕೆ ಕೂಗಿದಳು.

ಬೆರಳು ಒಂದಿಷ್ಟು ಸರಿಯಿತು. ಐದು ಚಪ್ಪರಗಳ ಅರಿಶಿನ ಕಂಡೂ ಕಾಣದಷ್ಟು ತೆಳುವಾಯಿತು.

"ಒಂದ್ ಮೆಟ್ಟ್ಲು!"

"ಒಂದು ಮೆಟ್ಟಿಲು ಮೇಡಂ!"

ಹೀಗೆ ಒಂದೂಕಾಲು ಗಂಟೆ. ಹೊರಗೆ ಹೊಳೆ ಇಳಿದಂತೆ ಒಳಗೆ ಬಣ್ಣ ಇಳಿಯಿತು. ಆರನೇ ಮೆಟ್ಟಿಲು ಕಂಡಾಗ ಕೋಣೆಯೆಲ್ಲ ನೀಲಿಯಾಗಿತ್ತು. ಸುಗಂಧಿ ಐದನೇ ತೊಟ್ಟಿಯಿಂದ ಒಂದು ಹನಿ ತೆಗೆದು ಗಾಜಿನ ಮೇಲಿಟ್ಟು ಕಣ್ಣಿಟ್ಟಳು. ಒಂದು ಮರಿ ಸುತ್ತುವುದನ್ನು ನಿಲ್ಲಿಸಿ ಮರಳಿನ ಕಾಳೊಂದರ ಮೇಲೆ ಬಂದಿತ್ತು. ಚಿಪ್ಪಿನ ಸಂದಿಯಿಂದ ಪಾರದರ್ಶಕವಾದ ಕಾಲು ಹೊರಬಂತು. ಕಾಲು ಮರಳನ್ನು ಮುಟ್ಟಿತು, ಹಿಂದೆ ಸರಿಯಿತು, ಮತ್ತೆ ಮುಟ್ಟಿತು. ಆಮೇಲೆ ಊರಿತು.

"ಅತ್ತೆ, ಬೇಗ ಬನ್ನಿ!"

ಬೀರಮ್ಮ ಮೊಣಕಾಲು ಹಿಡಿದುಕೊಂಡು ಬಂದು ಕಣ್ಣಿಟ್ಟಳು. ಬಹಳ ಹೊತ್ತು ನೋಡಿದಳು. "ಅದೂ ಕಾಲಲ್ಲೇ ಹುಡುಕ್ತದಾ?" ಎಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳು ಅತ್ತದ್ದನ್ನು ಸುಗಂಧಿ ಅದಕ್ಕೆ ಮೊದಲು ನೋಡಿರಲಿಲ್ಲ.

ಐದನೆಯದು ಇಳಿಯಿತು, ನಾಲ್ಕನೆಯದು ಇಳಿಯಿತು, ಮೂರನೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಒಂದು ಮತ್ತು ಎರಡನೇ ತೊಟ್ಟಿಗಳ ಮರಿಗಳೂ ಕಾಲು ಚಾಚಿದವು. ಬಣ್ಣ ಅವಕ್ಕೂ ತಿಳಿದಿತ್ತು. ಆದರೆ ಊರುವಷ್ಟು ಕಸುವು ಉಳಿದಿರಲಿಲ್ಲ. ಚಾಚಿದ ಕಾಲು ಒಳಗೆಳೆದುಕೊಳ್ಳದೆ ಹಾಗೆಯೇ ಸತ್ತವು.

ಡಾ. ಖಾಜಿ ಆ ಎರಡು ತೊಟ್ಟಿಗಳ ಮುಂದೆ ನಿಂತು "ಮೊನ್ನೆ ಗೊತ್ತಾಗಿದ್ದರೆ" ಎಂದು ಶುರುಮಾಡಿ, ಸುಗಂಧಿಯ ಮುಖ ನೋಡಿ, ನಿಲ್ಲಿಸಿದರು. ಹೇಳಿ ಮುಗಿಸಿದ್ದರೆ ಚೆನ್ನಾಗಿತ್ತು ಎನಿಸಿತು ಸುಗಂಧಿಗೆ.

ವರದಿಯಲ್ಲಿ ಡಾ. ಖಾಜಿ ಏನನ್ನೂ ಮುಚ್ಚಿಡಲಿಲ್ಲ. ಸುಳ್ಳು ಗೀಟುಗಳನ್ನೂ ಬರೆದರು, ಬೀರಮ್ಮನ ತಿಥಿಗಳನ್ನೂ ಬರೆದರು, ಜಾಗವಿಲ್ಲದ ಚೌಕ ಅಚ್ಚು ಹಾಕಿಸಿದ್ದು ತಾವೇ ಎಂದೂ ಬರೆದರು. ಸರಿಪಡಿಸಿದ ದಾಖಲೆ ಒಪ್ಪಿಗೆಯಾಗಿ ಆರನೇ ತೊಟ್ಟಿ ಉಳಿಯಿತು. ಸುಗಂಧಿಗೆ ಒಂದು ವರ್ಷ ಸಹಿ ಹಾಕುವ ಹಕ್ಕು ಹೋಯಿತು; ಕೆಲಸ ಉಳಿಯಿತು. ಹೊಸ ದಾಖಲೆ ಪುಸ್ತಕದಲ್ಲಿ ಹೊತ್ತಿನ ಜಾಗ ಖಾಲಿ ಬಿಟ್ಟಿದ್ದರು.

ಮರಿಗಳು ಬೆಂಕಿಕಡ್ಡಿಯ ತಲೆಯಷ್ಟು ದಪ್ಪವಾದ ಮೇಲೆ ಹೊಳೆಯಲ್ಲಿ ಗಳ ಊರಿ ಆರು ಪಟ್ಟಿ ಮಾಡಿದರು, ಒಂದೊಂದು ತೊಟ್ಟಿಗೆ ಒಂದೊಂದು. ಮೊದಲೇ ಹಾಕಿದ್ದ ನಕ್ಷೆ ಹಾಗಿತ್ತು. ನಾಲ್ಕು ಪಟ್ಟಿಗೆ ಮರಿ ಬಿಟ್ಟರು.

ಹದಿನಾಲ್ಕು ತಿಂಗಳು ಕಳೆದು, ನೋಡಲು ಮಾತ್ರ, ಹೆಕ್ಕಲು ಅಲ್ಲ, ಎಂಬ ಷರತ್ತಿನ ಮೇಲೆ ಹೆಂಗಸರಿಗೆ ಹೊಳೆಗಿಳಿಯಲು ಅನುಮತಿ ಸಿಕ್ಕಿತು. ಇಳಿತದ ಹೊತ್ತಿಗೆ ಊರಿಗೆ ಊರೇ ದಂಡೆಯಲ್ಲಿತ್ತು. ಎಲ್ಲರಿಗಿಂತ ಮೊದಲು ಬೀರಮ್ಮ ಸೀರೆ ಎತ್ತಿಕಟ್ಟಿ ಆರನೇ ಪಟ್ಟಿಗೆ ಇಳಿದಳು. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕಣ್ಣು ಎಲ್ಲೋ ದೂರ ಇಟ್ಟು, ಮರಳಿನೊಳಗೆ ಹೆಬ್ಬೆರಳು ಆಡಿಸಿದಳು. ಬೀರಮ್ಮ ಬಗ್ಗಿ ಮುಳುಗಿ ಮೇಲೆದ್ದಾಗ ಅವಳ ಅಂಗೈಯಲ್ಲಿ ಅಡಿಕೆಯಷ್ಟು ದೊಡ್ಡ ಬೆಳಚು ಒಂದಿತ್ತು. ಹೆಂಗಸರು ಕೂಗಿದ ಕೂಗಿಗೆ ಗಜನಿಯ ಹಕ್ಕಿಗಳೆಲ್ಲ ಎದ್ದವು. ಡಾ. ಖಾಜಿ ಹಣೆಯ ಮೇಲಿನ ಕನ್ನಡಕವನ್ನು ಚೀಲದಲ್ಲಿ ಹುಡುಕುತ್ತಿದ್ದರು.

ಸುಗಂಧಿ ಅಲ್ಲಿರಲಿಲ್ಲ. ಅವಳು ಗಳ ಊರಿದ ಸಾಲಿನ ಆ ತುದಿಗೆ ಹೋಗಿ ಒಂದು ಮತ್ತು ಎರಡನೇ ಪಟ್ಟಿಯ ನಡುವೆ ನಿಂತಿದ್ದಳು. ಕಾಲಡಿಯಲ್ಲಿ ಬರೀ ಮರಳು. ನಲವತ್ತು ಲಕ್ಷ ಎಂದು ಅವಳು ಯಾರಿಗೂ ಹೇಳುತ್ತಿರಲಿಲ್ಲ, ಆದರೆ ದಿನಕ್ಕೊಮ್ಮೆಯಾದರೂ ಆ ಸಂಖ್ಯೆ ಮನಸ್ಸಿಗೆ ಬರುತ್ತಿತ್ತು.

ನೀರು ಸೀಳಿಕೊಂಡು ಬೀರಮ್ಮ ಏದುಸಿರು ಬಿಡುತ್ತ ಅಲ್ಲಿಯವರೆಗೆ ಬಂದಳು. ಮುಷ್ಟಿ ಬಿಗಿಯಾಗಿತ್ತು.

"ಇಲ್ಲಿ ಎಂತದೂ ಇಲ್ಲ ಅತ್ತೆ."

"ಗೊತ್ತದೆ."

"ನಾ ಎರಡು ದಿನ ಮುಂಚೆ ಬಾಯಿ ಬಿಟ್ಟಿದ್ರೆ..."

"ಹೌದು" ಎಂದಳು ಬೀರಮ್ಮ. ಇಲ್ಲ ಎಂದು ಸುಳ್ಳು ಸಮಾಧಾನ ಹೇಳಲಿಲ್ಲ. ಸೊಸೆಯ ಕೈ ಹಿಡಿದು ಅದರಲ್ಲಿ ಬೆಳಚನ್ನು ಇಟ್ಟಳು. ಐದು ವರ್ಷ ಕಾದು ಹುಡುಕಿದ ಮೊದಲ ಬೆಳಚು, ಇನ್ನೂ ತಣ್ಣಗಿತ್ತು. "ಇದನ್ನ ಇಲ್ಲಿ ಇಡು. ನಿನ್ನ ಕೈಯ್ಯಾರೆ ಇಡು."

ಸುಗಂಧಿ ಬಗ್ಗಿ ಮರಳಿನಲ್ಲಿ ಒಂದು ಗುಳಿ ಮಾಡಿ ಅದನ್ನು ಇಟ್ಟಳು. ಅದು ಸ್ವಲ್ಪ ಹೊತ್ತು ಅಲುಗಾಡದೆ ಬಿದ್ದಿತ್ತು. ಆಮೇಲೆ ಚಿಪ್ಪಿನ ಸಂದಿಯಿಂದ ಬಿಳಿಯ ಕಾಲು ಹೊರಗೆ ಬಂದು, ಅವಳ ಬೆರಳನ್ನು ಸವರಿ, ಮರಳಿನೊಳಗೆ ಇಳಿಯಿತು.